ಹದಿನಾರರಿಂದ ಇಪ್ಪತ್ತು: ಮಕ್ಕಳ ಜೊತೆ ನಾಲ್ಕು ವರ್ಷ ನಡೆಯೋಣ

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಪಾಠ)



ಉಳಿತಾಯ, ಸಾಲ, ಆರೋಗ್ಯ, ಎಮ್ಮೆ ಸಾಕಣೆ ಇವುಗಳ ಬಗ್ಗೆ ನಾವು ಸಭೆಗಳಲ್ಲಿ ಬೇಕಾದಷ್ಟು ಮಾತಾಡುತ್ತೇವೆ. ಈ ಪಾಠ ನಮ್ಮ ಮನೆಯ ದೊಡ್ಡ ಮಕ್ಕಳ ಬಗ್ಗೆ.

ಅಂಗನವಾಡಿಗೆ ಹೋಗುವ ಮಗುವನ್ನು ಕಾರ್ಯಕರ್ತೆ ನೋಡಿಕೊಳ್ಳುತ್ತಾಳೆ. ಸಾಲಿಗೆ ಹೋಗುವ ಮಗುವಿಗೆ ಮಾಸ್ತರು ಇದ್ದಾರೆ, ಬಿಸಿಯೂಟ ಇದೆ. ಎರಡು ದಿನ ಬರದಿದ್ದರೆ "ಯಾಕ ಬಂದಿಲ್ಲ?" ಎಂದು ಕೇಳುವವರಿದ್ದಾರೆ. ಆದರೆ ಹತ್ತನೇ ತರಗತಿ ಮುಗಿದ ಮೇಲೆ ಅದೇ ಹುಡುಗ, ಅದೇ ಹುಡುಗಿ ಯಾರ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಸಾಲಿ ಕೈ ಬಿಟ್ಟಿರುತ್ತದೆ, ನೌಕರಿ ಇನ್ನೂ ಕೈ ಹಿಡಿದಿರುವುದಿಲ್ಲ. ಹದಿನಾರರಿಂದ ಇಪ್ಪತ್ತರವರೆಗಿನ ಈ ನಾಲ್ಕು ವರ್ಷದಲ್ಲಿ ಏನು ನಡೆಯುತ್ತದೋ ಅದರ ಮೇಲೆ ಅವರ ಮುಂದಿನ ನಲವತ್ತು ವರ್ಷ ನಿಂತಿರುತ್ತದೆ.

ವಿಜಯಪುರದ ಗಲ್ಲಿಗಳಲ್ಲಿ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕಿನ ಹಳ್ಳಿಗಳಲ್ಲಿ ನಾವು ಹೆಚ್ಚಾಗಿ ಕೇಳುವ ಮಾತು ಎರಡು. ಒಂದು: "ಸಿಸ್ಟರ್, ನಮ್ಮ ಹುಡುಗ ಫೇಲ್ ಆಗ್ಯಾನ್ರಿ. ಸಾಲಿ ಬ್ಯಾಡಂತಾನ. ಕೂಲಿಗೆ ಹೊಂಟಾನ, ಹೋಗ್ಲಿ ಬಿಡ್ರಿ." ಎರಡು: "ಹುಡುಗಿ ದೊಡ್ಡಾಕಿ ಆಗ್ಯಾಳ್ರಿ. ಎಷ್ಟ್ ದಿನಾ ಮನ್ಯಾಗ ಇಟ್ಕೊಂಡ್ ಕುಂಡ್ರೂದು?" ಈ ಎರಡೂ ಮಾತಿನ ಹಿಂದೆ ಕೆಟ್ಟ ಮನಸ್ಸಿಲ್ಲ. ದಾರಿ ಕಾಣದ ತಾಯಿಯ ಸಂಕಟವಿದೆ. ಆದ್ದರಿಂದ ಯಾರನ್ನೂ ದೂರದೆ, ದಾರಿಗಳು ಯಾವುವು, ಆ ದಾರಿಯಲ್ಲಿ ಮಕ್ಕಳ ಜೊತೆ ನಡೆಯಲು ಸಂಘ ಏನು ಮಾಡಬಹುದು ಎಂದು ನೋಡೋಣ.

1. ಮೊದಲು ಮನೆಯ ಲೆಕ್ಕ ಮಾಡೋಣ

"ಓದಿಸಿ, ಓದಿಸಿ" ಎಂದು ಹೇಳುವುದು ಸುಲಭ. ಆದರೆ ಬಡ ತಾಯಿಗೆ ಒಂದು ಲೆಕ್ಕವಿದೆ. ಹುಡುಗನ ಕೂಲಿ ದಿನಕ್ಕೆ 400 ರೂಪಾಯಿ ಎಂದು ಹಿಡಿಯೋಣ. ತಿಂಗಳಿಗೆ 15 ದಿನ ಕೆಲಸ ಸಿಕ್ಕರೆ 6,000 ರೂಪಾಯಿ. ಎರಡು ವರ್ಷ ಐ.ಟಿ.ಐ.ಗೆ ಕಳಿಸಿದರೆ ಮನೆಗೆ 1,44,000 ರೂಪಾಯಿ ಬರುವುದು ನಿಲ್ಲುತ್ತದೆ. ಇದು ಸಣ್ಣ ಮೊತ್ತವಲ್ಲ. ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯದೆ ಬುದ್ಧಿ ಹೇಳಿದರೆ ಯಾವ ತಾಯಿಯೂ ಕೇಳುವುದಿಲ್ಲ.

ಈಗ ಲೆಕ್ಕದ ಇನ್ನೊಂದು ಬದಿ ನೋಡೋಣ. ಗಾರೆ ಕೆಲಸದಲ್ಲಿ ಬುಟ್ಟಿ ಹೊರುವ ಹದಿನಾರರ ಹುಡುಗನಿಗೂ ನಲವತ್ತರ ಗಂಡಸಿಗೂ ಕೂಲಿ ಒಂದೇ. ವರ್ಷ ಕಳೆದಂತೆ ಕೂಲಿ ಏರುವುದು ಬೆಲೆ ಏರಿದಷ್ಟೇ. ಮೈ ಮಾತ್ರ ಸವೆಯುತ್ತದೆ. ಕೈಯಲ್ಲಿ ವಿದ್ಯೆ ಇರುವವನಿಗೆ ಹಾಗಲ್ಲ. ಮೋಟರ್ ರಿವೈಂಡಿಂಗ್ ಕಲಿತವನು, ವೈರಿಂಗ್ ಕಲಿತವನು, ಬ್ಲೌಸ್ ಕಟಿಂಗ್ ಚೆನ್ನಾಗಿ ಬರುವವಳು ಐದನೇ ವರ್ಷ ಮೊದಲನೇ ವರ್ಷಕ್ಕಿಂತ ಹೆಚ್ಚು ಕೇಳಬಹುದು, ಜನ ಕೊಡುತ್ತಾರೆ. ಕೂಲಿಯವನು ಕೆಲಸ ಹುಡುಕಿಕೊಂಡು ಹೋಗುತ್ತಾನೆ. ಕಸುಬುದಾರನನ್ನು ಕೆಲಸ ಹುಡುಕಿಕೊಂಡು ಬರುತ್ತದೆ.

ನಮ್ಮ ಭಾಗದಲ್ಲೇ ನೋಡಿ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೆರೆಗಳಿಗೆ ನೀರು ಬಂದಿದೆ. ನೀರು ಬಂದ ಕಡೆ ಮೋಟರ್, ಸ್ಟಾರ್ಟರ್, ಪೈಪು, ಡ್ರಿಪ್ಪು ಹೆಚ್ಚಾಗಿವೆ. ಇವು ಕೆಟ್ಟಾಗ ರಿಪೇರಿ ಮಾಡುವವನಿಗಾಗಿ ರೈತ ಕಾಯುತ್ತಾ ಕುಳಿತುಕೊಳ್ಳುತ್ತಾನೆ. ತಿಕೋಟಾ ಕಡೆ ದ್ರಾಕ್ಷಿ ತೋಟಗಳಿವೆ, ಒಣದ್ರಾಕ್ಷಿ ಶೆಡ್‌ಗಳಿವೆ, ಸ್ಪ್ರೇ ಯಂತ್ರ ಮತ್ತು ಟ್ರ್ಯಾಕ್ಟರ್‌ಗಳಿವೆ. ಇವೆಲ್ಲಾ ಕೈಕಸುಬು ಬಲ್ಲ ಹುಡುಗರನ್ನು ಕೇಳುತ್ತವೆ. ಸೋಲಾಪುರ, ಪುಣೆ, ಗೋವಾ ಕಡೆಗೇ ಹೋಗಬೇಕೆಂದಿಲ್ಲ. ಹೋದರೂ ಕಸುಬು ಕಲಿತು ಹೋದವನ ಮರ್ಯಾದೆಯೇ ಬೇರೆ.

2. ಫೇಲಾದರೆ ಮುಗಿಯಲಿಲ್ಲ

ನಮ್ಮಲ್ಲಿ ಒಂದು ತೊಂದರೆ ಇದೆ. ದ್ರಾಕ್ಷಿ ಕೊಯ್ಯುವುದು, ಒಣಗಿಸುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಮಾರ್ಚ್–ಏಪ್ರಿಲ್‌ನಲ್ಲೇ. ಶೆಡ್‌ನಲ್ಲಿ ಕೂಲಿ ಸಿಗುವ ಹೊತ್ತಿಗೆ ಮಕ್ಕಳು ಓದಬೇಕಾಗಿರುತ್ತದೆ. ತಾಯಿಯ ಜೊತೆ ಶೆಡ್‌ಗೆ ಹೋದ ಹುಡುಗಿ ಗಣಿತದಲ್ಲೋ ಇಂಗ್ಲಿಷ್‌ನಲ್ಲೋ ಉಳಿದುಬಿಡುತ್ತಾಳೆ. ಆಗ ಎಲ್ಲರೂ "ಅಕೀ ತಲ್ಯಾಗ ವಿದ್ಯಾ ಹತ್ತಂಗಿಲ್ಲ" ಎನ್ನುತ್ತಾರೆ. ಸಮಸ್ಯೆ ತಲೆಯದಲ್ಲ, ಆ ಎರಡು ತಿಂಗಳದ್ದು.

ಒಂದೆರಡು ವಿಷಯ ಉಳಿದ ಮಕ್ಕಳು ಮುಂದಿನ ವರ್ಷದವರೆಗೆ ಕಾಯಬೇಕಿಲ್ಲ. 2024ರಿಂದ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಪರೀಕ್ಷೆ–1, ಪರೀಕ್ಷೆ–2 ಎಂದು ಒಂದೇ ವರ್ಷದಲ್ಲಿ ಮತ್ತೆ ಬರೆಯುವ ಪದ್ಧತಿ ಬಂದಿದೆ. ಪಾಸಾದ ವಿಷಯ ಮತ್ತೆ ಬರೆಯಬೇಕಿಲ್ಲ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಆದರೆ ಫಲಿತಾಂಶ ಬಂದ ಮೇಲೆ ಅರ್ಜಿ ಹಾಕಲು ದಿನಗಳು ಕಡಿಮೆ. ಫಲಿತಾಂಶದ ಮರುದಿನವೇ ಮಗುವಿನ ಜೊತೆ ಯಾರಾದರೊಬ್ಬರು ಹೈಸ್ಕೂಲಿಗೆ ಹೋಗಿ ಮುಖ್ಯಗುರುಗಳನ್ನು ಕಾಣಬೇಕು. ಫೇಲಾದ ಮಗು ನಾಚಿಕೆಯಿಂದ ಒಂಟಿಯಾಗಿ ಸಾಲಿ ಮೆಟ್ಟಿಲು ಹತ್ತುವುದಿಲ್ಲ. ಇದನ್ನು ಚೆನ್ನಾಗಿ ನೆನಪಿಡಿ.

ಎಂಟು–ಒಂಬತ್ತಕ್ಕೇ ಸಾಲಿ ಬಿಟ್ಟ ಮಕ್ಕಳಿದ್ದರೆ, 14 ವರ್ಷ ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿ ಬರೆಯಬಹುದು. ಎಂಟನೇ ಪಾಸಾದವರಿಗೂ ಐ.ಟಿ.ಐ.ಯಲ್ಲಿ ವೆಲ್ಡರ್, ಹೊಲಿಗೆಯಂಥ ಕೆಲವು ತರಬೇತಿಗಳಿವೆ.

3. ಹತ್ತನೇ ತರಗತಿಯ ಮುಂದೆ ಯಾವ ಯಾವ ದಾರಿ?

ಪಿಯುಸಿ: ಎರಡು ವರ್ಷ. ಮುಂದೆ ಪದವಿ, ಶಿಕ್ಷಕ ತರಬೇತಿ, ನರ್ಸಿಂಗ್‌ಗೆ ಇದು ಬೇಕು. ಆದರೆ "ಎಲ್ಲರೂ ಹಾಕ್ಯಾರ, ನಾವೂ ಹಾಕ್ತೀವಿ" ಎಂದು ಪಿಯುಸಿಗೆ ಹಾಕಬೇಡಿ. ಪದವಿಯವರೆಗೆ ಓದುವ ಮನಸ್ಸು ಇದ್ದವರಿಗೆ ಇದು ಒಳ್ಳೆಯ ದಾರಿ. ವಿಜಯಪುರದ ತೊರವಿಯಲ್ಲಿ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯ 2003ರಿಂದ ನಡೆಯುತ್ತಿದೆ. ತಿಕೋಟಾದಿಂದ ಬರುವ ಅಥಣಿ ರಸ್ತೆಯಲ್ಲೇ ಅದು ಇದೆ. ರಾಜ್ಯದ ಮೂಲೆಮೂಲೆಯಿಂದ ಹೆಣ್ಣುಮಕ್ಕಳು ಓದಲು ಬರುವ ಊರಿನ ಪಕ್ಕದಲ್ಲಿದ್ದು, ನಮ್ಮ ಮಗಳು ಅದರ ಗೇಟು ನೋಡಿಲ್ಲ ಎಂದರೆ ಹೇಗೆ?

ಐ.ಟಿ.ಐ.: 14 ವರ್ಷ ತುಂಬಿದವರು ಸೇರಬಹುದು. ಎಲೆಕ್ಟ್ರಿಷಿಯನ್, ಫಿಟ್ಟರ್, ಮೋಟರ್ ಮೆಕ್ಯಾನಿಕ್ ಎರಡು ವರ್ಷ. ಕಂಪ್ಯೂಟರ್, ವೆಲ್ಡರ್, ಹೊಲಿಗೆ ಒಂದು ವರ್ಷ. ಹುಡುಗಿಯರೂ ಎಲೆಕ್ಟ್ರಿಷಿಯನ್, ಫಿಟ್ಟರ್ ಕಲಿಯಬಹುದು. ಸರ್ಕಾರಿ ಐ.ಟಿ.ಐ.ಯಲ್ಲಿ ಶುಲ್ಕ ಕಡಿಮೆ. ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಲು ಅವಕಾಶವಿದೆ. ಆದ್ದರಿಂದ "ಐ.ಟಿ.ಐ. ಅಂದ್ರ ದಡ್ಡರ ಸಾಲಿ" ಎನ್ನುವ ಮಾತು ತಪ್ಪು.

ಡಿಪ್ಲೊಮಾ: ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ. ಗಣಿತ, ವಿಜ್ಞಾನ ಚೆನ್ನಾಗಿ ಬರುವ ಮಕ್ಕಳಿಗೆ ಇದು ಸೂಕ್ತ. ಮುಗಿಸಿದವರು ಡಿಸಿಇಟಿ ಪರೀಕ್ಷೆ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಹೋಗಬಹುದು.

ಪ್ಯಾರಾಮೆಡಿಕಲ್: ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್ ಕೆಲಸ ಕಲಿಯುವ ಡಿಪ್ಲೊಮಾಗಳು. ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷ, ಪಿಯುಸಿ ವಿಜ್ಞಾನ ಆದವರಿಗೆ ಎರಡು ವರ್ಷ. ನಗರದಲ್ಲಿ ಆಸ್ಪತ್ರೆಗಳು ಬೇಕಾದಷ್ಟಿವೆ. ಆದರೆ ಇಲ್ಲಿ ಎಚ್ಚರ ಬೇಕು. ಸೇರುವ ಮೊದಲು ಆ ಸಂಸ್ಥೆಗೆ ರಾಜ್ಯ ಪ್ಯಾರಾಮೆಡಿಕಲ್ ಮಂಡಳಿಯ ಮಾನ್ಯತೆ ಇದೆಯೇ, ನರ್ಸಿಂಗ್ ಆದರೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಕಾಗದದಲ್ಲಿ ನೋಡಿ. ಗೋಡೆಯ ಮೇಲಿನ ದೊಡ್ಡ ಬೋರ್ಡು ಮಾನ್ಯತೆಯಲ್ಲ. ಮಾನ್ಯತೆ ಇಲ್ಲದ ಸರ್ಟಿಫಿಕೇಟಿಗೆ ಎರಡು ವರ್ಷ ಮತ್ತು ಒಂದು ಜೋಡಿ ಬಂಗಾರದ ಬೆಂಡೋಲಿ ಕಳೆದುಕೊಳ್ಳುವುದು ಬೇಡ.

ಸಣ್ಣ ತರಬೇತಿಗಳು: ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ 15ರಿಂದ 35 ವರ್ಷದ ಗ್ರಾಮೀಣ ಬಡ ಯುವಕ ಯುವತಿಯರಿಗೆ ಉಚಿತ ತರಬೇತಿ ಇದೆ. ಇದರ ಮಾಹಿತಿ ನಿಮ್ಮ ಪಂಚಾಯಿತಿಯ ಸಂಜೀವಿನಿ ಒಕ್ಕೂಟದಲ್ಲೇ ಸಿಗುತ್ತದೆ. 18 ತುಂಬಿದವರಿಗೆ ರುಡ್‌ಸೆಟ್ ಸಂಸ್ಥೆ ಇದೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಇದನ್ನು ಶುರು ಮಾಡಿದರು. ಮುಂದೆ ಕೇಂದ್ರ ಸರ್ಕಾರ ಇದೇ ಮಾದರಿಯಲ್ಲಿ ದೇಶದ ಜಿಲ್ಲೆಗಳಲ್ಲಿ ತರಬೇತಿ ಸಂಸ್ಥೆಗಳನ್ನು ತೆರೆಯಿಸಿತು. ವಿಜಯಪುರದಲ್ಲೂ ರುಡ್‌ಸೆಟ್ ಇದೆ. ಅಲ್ಲಿ ಊಟ ವಸತಿ ಸಹಿತ ಉಚಿತ ತರಬೇತಿ. ಕಲಿತು ಹೋದ ಮೇಲೂ ಎರಡು ವರ್ಷ ವಿಚಾರಿಸುತ್ತಾರೆ, ಬ್ಯಾಂಕ್ ಸಾಲಕ್ಕೆ ದಾರಿ ತೋರಿಸುತ್ತಾರೆ. ಹೊಲದ ಕೆಲಸದಲ್ಲೇ ಮನಸ್ಸಿರುವ ಹುಡುಗರಿಗೆ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಗ್ರಾಮೀಣ ಯುವಕರ ತರಬೇತಿಗಳು ನಡೆಯುತ್ತವೆ.

ಅಪ್ರೆಂಟಿಸ್: ಬಹಳ ಜನರಿಗೆ ಗೊತ್ತಿಲ್ಲದ ದಾರಿ ಇದು. ಕೆಲಸದ ಜಾಗದಲ್ಲೇ ಕೆಲಸ ಕಲಿಯುವುದು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಲಿಯುವವರಿಗೆ ಪ್ರತಿ ತಿಂಗಳು ಸ್ಟೈಪೆಂಡ್ ಕೊಡಲೇಬೇಕು. ಐ.ಟಿ.ಐ. ಮುಗಿಸಿದವರನ್ನು ಸಾರಿಗೆ ಸಂಸ್ಥೆ, ದೊಡ್ಡ ಕಾರ್ಖಾನೆಗಳು ಹೀಗೆ ತೆಗೆದುಕೊಳ್ಳುತ್ತವೆ. ಇದರಿಂದ ಮನೆಗೆ ಸ್ವಲ್ಪ ಹಣವೂ ಬರುತ್ತದೆ, ಮುಂದೆ "ಅನುಭವ ಐತೇನು?" ಎಂದು ಕೇಳಿದವರಿಗೆ ತೋರಿಸಲು ಕಾಗದವೂ ಇರುತ್ತದೆ.

4. ಮಗುವಿನ ಮಾತು ಕೇಳುವುದು ಹೇಗೆ?

ಯಾವ ದಾರಿ ಎಂದು ನಾವೇ ಕುಳಿತು ತೀರ್ಮಾನಿಸಿ ಹುಡುಗನ ಕೈಗೆ ಅರ್ಜಿ ಕೊಟ್ಟರೆ ಅವನು ಮೂರು ತಿಂಗಳಿಗೆ ಬಿಟ್ಟು ಬರುತ್ತಾನೆ. "ಏನಾಗ್ತಿ?" ಎಂದು ಕೇಳಿದರೆ ಹೆಚ್ಚಿನ ಮಕ್ಕಳು ಉತ್ತರ ಕೊಡುವುದಿಲ್ಲ. ಅವರಿಗೂ ಗೊತ್ತಿರುವುದಿಲ್ಲ. ಬೇರೆ ಥರ ಕೇಳಿ:

– ಮನೆಯಲ್ಲಿ, ಹೊಲದಲ್ಲಿ ಯಾವ ಕೆಲಸ ಹೇಳದೇ ಮಾಡುತ್ತೀ?
– ಏನು ಕೆಟ್ಟರೆ ಬಿಚ್ಚಿ ನೋಡಬೇಕು ಅನ್ನಿಸುತ್ತದೆ?
– ಜನರ ಜೊತೆ ಮಾತಾಡುವ ಕೆಲಸ ಇಷ್ಟವೋ, ಒಬ್ಬನೇ ಕುಳಿತು ಮಾಡುವ ಕೆಲಸ ಇಷ್ಟವೋ?
– ಊರು ಬಿಟ್ಟು ಇರಲು ಮನಸ್ಸಿದೆಯೋ ಇಲ್ಲವೋ?

ಆಮೇಲೆ ಕೆಲಸದ ಜಾಗ ತೋರಿಸಿ. ನರ್ಸ್ ಆಗುತ್ತೇನೆ ಎನ್ನುವ ಹುಡುಗಿ ಒಂದು ದಿನ ಆಸ್ಪತ್ರೆಯ ವಾರ್ಡಿನಲ್ಲಿ ಕುಳಿತು ನೋಡಲಿ. ಗ್ಯಾರೇಜ್ ಎನ್ನುವ ಹುಡುಗ ಒಂದು ವಾರ ರಜೆಯಲ್ಲಿ ಪರಿಚಯದವರ ಗ್ಯಾರೇಜಿನಲ್ಲಿ ನಿಂತು ನೋಡಲಿ. ನೋಡಿದ ಮೇಲೆ ಬೇಡ ಎಂದರೆ ಅದೂ ಲಾಭವೇ. ಎರಡು ವರ್ಷ ಉಳಿಯಿತು.

ಬೈಯುವುದು, ಪಕ್ಕದ ಮನೆಯವರಿಗೆ ಹೋಲಿಸುವುದು ಬೇಡ. ಹದಿನೇಳರ ಮಕ್ಕಳು ಹೊರಗೆ ಗಟ್ಟಿಯಾಗಿ ಕಾಣುತ್ತಾರೆ, ಒಳಗೆ ಬಹಳ ಹೆದರಿರುತ್ತಾರೆ. ಫಲಿತಾಂಶದ ದಿನ, ಕೆಲಸ ಸಿಗದ ದಿನ ಅವರನ್ನು ಒಂಟಿಯಾಗಿ ಬಿಡಬೇಡಿ. ಮೊದಲು ಊಟಕ್ಕೆ ಕರೆಯಿರಿ, ಮಾತು ಆಮೇಲೆ.

5. ಹೆಣ್ಣುಮಕ್ಕಳ ವಿಷಯ

ಹುಡುಗ ಫೇಲಾದರೆ ಕೂಲಿಗೆ ಹೋಗುತ್ತಾನೆ. ಹುಡುಗಿ ಫೇಲಾದರೆ ಮದುವೆಯ ಮಾತು ಬರುತ್ತದೆ. ಹುಡುಗಿಗೆ 18, ಹುಡುಗನಿಗೆ 21 ತುಂಬುವ ಮೊದಲು ಮದುವೆ ಮಾಡುವುದು 2006ರ ಕಾಯ್ದೆಯ ಪ್ರಕಾರ ಅಪರಾಧ. ನಮ್ಮ ರಾಜ್ಯದಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು, ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಮಾಡಿದ್ದಾರೆ. ಮದುವೆ ನಡೆಯುವ ಸುಳಿವು ಸಿಕ್ಕರೆ 1098ಕ್ಕೆ ಫೋನ್ ಮಾಡಬಹುದು.

ಆದರೆ ಕಾನೂನು ತಡೆಯುತ್ತದೆ ಅಷ್ಟೇ. ಮದುವೆ ತಡೆದ ಮೇಲೆ ಆ ಹುಡುಗಿ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕು? ಮನೆಯಲ್ಲೇ ಕೂತರೆ ಆರು ತಿಂಗಳಿಗೆ ಮತ್ತೆ ಅದೇ ಮಾತು ಏಳುತ್ತದೆ. ದಿನಾ ಬ್ಯಾಗು ಹಾಕಿಕೊಂಡು ತರಬೇತಿಗೆ ಹೋಗುವ ಹುಡುಗಿಯ ಮನೆಗೆ ವರ ನೋಡಲು ಬರುವವರೂ ಸ್ವಲ್ಪ ತಡೆದು ಬರುತ್ತಾರೆ.

"ದೂರ ಆಗ್ತದ, ಖರ್ಚ್ ಆಗ್ತದ" ಎನ್ನುವ ತಾಯಂದಿರಿಗೆ ಒಂದು ಮಾತು. ತಿಕೋಟಾ, ಬಬಲೇಶ್ವರದಿಂದ ವಿಜಯಪುರಕ್ಕೆ ಇಪ್ಪತ್ತು–ಇಪ್ಪತ್ತೈದು ಕಿಲೋಮೀಟರ್. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೇಟಿನ ಹಣವಿಲ್ಲ. ಬಸ್ಸಿನ ಖರ್ಚಿನ ನೆಪ ಹೋಯಿತು. ಉಳಿದದ್ದು ಭಯ. ಭಯಕ್ಕೆ ಮದ್ದು ಜೊತೆ. ಒಂದೇ ಊರಿನ ನಾಲ್ಕು ಹುಡುಗಿಯರು ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುವ ಹಾಗೆ ಸಂಘವೇ ಹೊಂದಿಸಬಹುದು. ಸಂಜೆ ಬಸ್ಸು ಸರಿಯಾಗಿ ಬರುತ್ತಿಲ್ಲವೆಂದರೆ ಹತ್ತು ಸಂಘದ ಸಹಿ ಹಾಕಿಸಿ ಡಿಪೋ ಮ್ಯಾನೇಜರರಿಗೆ ಅರ್ಜಿ ಕೊಡಬಹುದು.

6. ಮೊದಲ ಕೆಲಸಕ್ಕೆ ಕಳಿಸುವ ಮೊದಲು

14 ವರ್ಷದೊಳಗಿನ ಮಕ್ಕಳನ್ನು ಹೊರಗಿನವರ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರನ್ನು ಗಣಿ, ಸ್ಫೋಟಕ, ಬೆಂಕಿ ಹತ್ತುವ ವಸ್ತು ಮುಂತಾದ ಅಪಾಯದ ಕೆಲಸಕ್ಕೆ ಇಡುವಂತಿಲ್ಲ. 2016ರ ತಿದ್ದುಪಡಿಯಿಂದ ಕಾನೂನು ಹೀಗಿದೆ. ತೋಟಕ್ಕೆ ಎಣ್ಣಿ ಹೊಡೆಯುವ ಕೆಲಸಕ್ಕೂ ನಮ್ಮ ಎಳೆ ಹುಡುಗರನ್ನು ಕಳಿಸುವುದು ಬೇಡ. ಆ ವಿಷ ಮೂಗಿನಿಂದ, ಚರ್ಮದಿಂದ ಮೈಯೊಳಗೆ ಇಳಿಯುತ್ತದೆ.

ಮುಂಗಡ ಹಣದ ಬಗ್ಗೆ ಬಹಳ ಎಚ್ಚರ ಬೇಕು. ಕಬ್ಬು ಕಡಿಯುವ ಗ್ಯಾಂಗಿಗೆ ಮುಕಾದಮ ಮುಂಗಡ ಕೊಡುತ್ತಾನೆ. ಅಪ್ಪ ಪಡೆದ ಮುಂಗಡಕ್ಕೆ ಮಗನೂ ಹೋಗಬೇಕಾಗುತ್ತದೆ, ಕಾಲೇಜು ನಡೆಯುವ ಹೊತ್ತಿಗೆ ಹುಡುಗ ಫಡದಲ್ಲಿರುತ್ತಾನೆ. ಸಾಲಕ್ಕಾಗಿ ಒಬ್ಬರನ್ನು ಕೆಲಸಕ್ಕೆ ಕಟ್ಟಿ ಹಾಕುವುದು ಜೀತ. ಜೀತ ಪದ್ಧತಿ 1976ರ ಕಾಯ್ದೆಯಿಂದ ರದ್ದಾಗಿದೆ. ದವಾಖಾನೆ, ಮದುವೆ ಖರ್ಚಿಗೆ ಮುಂಗಡ ಹಿಡಿಯುವ ಮೊದಲು ಆ ಮನೆಯ ತಾಯಿ ಸಂಘದ ಸಾಲ ಕೇಳುವಂತಾಗಲಿ. ನಮ್ಮ ಸಂಘ ಇರುವುದೇ ಅದಕ್ಕೆ.

ನಗರದಲ್ಲಿ, ಪರಊರಲ್ಲಿ ಕೆಲಸ ಎಂದು ಯಾರಾದರೂ ಬಂದರೆ ಈ ಪ್ರಶ್ನೆಗಳನ್ನು ಕೇಳಿ:

– ಕೆಲಸ ಎಲ್ಲಿ? ಪೂರ್ತಿ ವಿಳಾಸ, ಮಾಲೀಕರ ಹೆಸರು, ಫೋನ್ ನಂಬರ್ ಬರೆದು ಕೊಡಿ.
– ಸಂಬಳ ಎಷ್ಟು? ಊಟ, ರೂಮಿಗೆ ಕಡಿತ ಎಷ್ಟು? ಕೈಗೆ ಬರುವುದೆಷ್ಟು?
– ದಿನಕ್ಕೆ ಎಷ್ಟು ತಾಸು? ವಾರದ ರಜೆ ಯಾವಾಗ?
– ನೇಮಕಾತಿ ಪತ್ರ ಕೊಡುತ್ತಾರೆಯೇ? ಪಿ.ಎಫ್., ಇ.ಎಸ್.ಐ. ಇದೆಯೇ?
– ಹುಡುಗಿಯರಿಗೆ ಬೇರೆ ವಸತಿ ಇದೆಯೇ? ಅಲ್ಲಿ ಯಾರು ಹೊಣೆ?

ಉತ್ತರ ಕೊಡದೆ ಅವಸರ ಮಾಡುವವರನ್ನು ನಂಬಬೇಡಿ. ನೌಕರಿ ಕೊಡಿಸಲು ಹಣ ಕೇಳುವವರನ್ನು ಅಂಗಳದಿಂದಲೇ ಕಳಿಸಿ. ಈಗ ಇದು ಮೊಬೈಲ್‌ನಲ್ಲೂ ನಡೆಯುತ್ತದೆ. "ಮನ್ಯಾಗ ಕುಂತು ಸಾವಿರಾರು ಗಳಿಸ್ರಿ, ಮೊದಲ 500 ಕಟ್ರಿ" ಎನ್ನುವ ಮೆಸೇಜು ಮೋಸ. ಒ.ಟಿ.ಪಿ. ಯಾರಿಗೂ ಹೇಳಬಾರದು. ಮೂಲ ಅಂಕಪಟ್ಟಿ, ಮೂಲ ಆಧಾರ್ ಯಾರ ಕೈಯಲ್ಲೂ ಬಿಟ್ಟು ಬರಬಾರದು. ತೋರಿಸಿ, ಜೆರಾಕ್ಸ್ ಕೊಟ್ಟು ಬರಬೇಕು.

ಕೆಲಸಕ್ಕೆ ಸೇರಿದ ಮೊದಲ ಮೂರು ತಿಂಗಳು ಬಹಳ ಕಷ್ಟದ್ದು. ಊಟ ಸೇರುವುದಿಲ್ಲ, ಭಾಷೆ ತಿಳಿಯುವುದಿಲ್ಲ, ಮನೆ ನೆನಪಾಗುತ್ತದೆ. ಬಿಟ್ಟು ಬರುವವರು ಹೆಚ್ಚಾಗಿ ಆಗಲೇ ಬರುತ್ತಾರೆ. ವಾರಕ್ಕೆರಡು ಸಲ ಫೋನ್ ಮಾಡಿ. ಆದರೆ ಅಲ್ಲಿ ಹೊಡೆಯುತ್ತಾರೆ, ಸಂಬಳ ಕೊಡುವುದಿಲ್ಲ, ಹುಡುಗಿಯ ಜೊತೆ ಕೆಟ್ಟದಾಗಿ ನಡೆದುಕೊಳ್ಳುತ್ತಾರೆ ಎಂದರೆ "ಸ್ವಲ್ಪ ಸುಧಾರಿಸ್ಕೋ" ಎನ್ನಬೇಡಿ. ಕೂಡಲೇ ಕರೆತನ್ನಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, 18ರೊಳಗಿನವರಿಗೆ 1098. ತಿರುಗಿ ಬಂದ ಮಗುವಿಗೆ ಮನೆಯ ಬಾಗಿಲು ತೆರೆದಿರಬೇಕು, ಸಂಘದ ಬಾಗಿಲೂ ತೆರೆದಿರಬೇಕು.

ಮೊದಲ ಸಂಬಳದ ಬಗ್ಗೆಯೂ ಒಂದು ಮಾತು. ಅದು ಮಗುವಿನ ಹೆಸರಿನ ಖಾತೆಗೇ ಬರಲಿ. ಮನೆಗೆ ಎಷ್ಟು, ಅವರ ಕೈಖರ್ಚಿಗೆ ಎಷ್ಟು, ಉಳಿತಾಯಕ್ಕೆ ಎಷ್ಟು ಎಂದು ಜೊತೆಯಲ್ಲಿ ಕುಳಿತು ಮಾತಾಡಿ. ಪೂರ್ತಿ ಸಂಬಳ ಕಸಿದುಕೊಂಡರೆ ಮಗಳಿಗೆ ದುಡಿಯುವ ಹುರುಪೇ ಹೋಗುತ್ತದೆ. ನಾವು ಸಂಘದಲ್ಲಿ ಕಲಿತ ಉಳಿತಾಯವನ್ನು ಮಕ್ಕಳಿಗೆ ದಾಟಿಸುವ ಸಮಯ ಇದೇ.

7. ಕಾಗದಪತ್ರ ಮೊದಲೇ ಸಿದ್ಧವಿರಲಿ

ಎಷ್ಟೋ ಮಕ್ಕಳ ಸೀಟು ತಪ್ಪುವುದು ಅಂಕ ಕಡಿಮೆ ಬಂದು ಅಲ್ಲ, ಕಾಗದ ಇಲ್ಲದೆ. ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇವನ್ನು ಇಡಿ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಟಿ.ಸಿ., ಆಧಾರ್, ರೇಷನ್ ಕಾರ್ಡ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಆರು ಫೋಟೋ. ಅಂಕಪಟ್ಟಿಯಲ್ಲಿರುವ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲೂ ಹಾಗೇ ಇದೆಯೇ ನೋಡಿ. 15 ವರ್ಷಕ್ಕೆ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಜಾತಿ–ಆದಾಯ ಪತ್ರಕ್ಕೆ ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರಕ್ಕೆ ಏಪ್ರಿಲ್‌ನಲ್ಲೇ ಹೋಗಿ. ಜೂನ್‌ನಲ್ಲಿ ಹೋದರೆ ಸಾಲು ದೊಡ್ಡದು. ಈ ಪತ್ರಗಳಿದ್ದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ, ಹಾಸ್ಟೆಲ್‌ಗೆ ಅರ್ಜಿ ಹಾಕಬಹುದು. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಮಕ್ಕಳೇ ಹಾಕಲು ಕಲಿಯಲಿ.

18 ತುಂಬಿದ ಕೂಡಲೇ ಮೂರು ಕೆಲಸ: ಮತದಾರರ ಪಟ್ಟಿಗೆ ಹೆಸರು, ಬ್ಯಾಂಕಿನಲ್ಲಿ ದೊಡ್ಡವರ ಖಾತೆಯಾಗಿ ಬದಲಾವಣೆ, ಉದ್ಯೋಗ ವಿನಿಮಯ ಕೇಂದ್ರದಲ್ಲಿ ನೋಂದಣಿ. ಪದವಿ ಅಥವಾ ಡಿಪ್ಲೊಮಾ ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ ಯುವನಿಧಿ ಯೋಜನೆ ಇದೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಇದು ಕೆಲಸ ಹುಡುಕುವ ಖರ್ಚಿಗೆ, ಕುಳಿತು ತಿನ್ನಲು ಅಲ್ಲ.

8. ತಾಯಿ ಇಲ್ಲದ ಮಕ್ಕಳನ್ನು ಮರೆಯಬೇಡಿ

ನಮ್ಮ ಓಣಿಯಲ್ಲಿ ಅಜ್ಜಿಯ ಹತ್ತಿರ, ಸೋದರಮಾವನ ಹತ್ತಿರ ಬೆಳೆಯುವ ಮಕ್ಕಳಿದ್ದಾರೆ. ಬಾಲಮಂದಿರದಲ್ಲಿ ಬೆಳೆದ ಮಕ್ಕಳಿದ್ದಾರೆ. ಬೇರೆ ಮಕ್ಕಳಿಗೆ 18 ಎಂದರೆ ಒಂದು ಹುಟ್ಟುಹಬ್ಬ. ಈ ಮಕ್ಕಳಿಗೆ 18 ಎಂದರೆ ಇದ್ದ ನೆರಳು ಬಿಟ್ಟು ಹೊರಡುವ ದಿನ. ಬಾಡಿಗೆ ಮನೆ ಹುಡುಕುವುದು, ಅಕ್ಕಿ ತರುವುದು, ಜ್ವರ ಬಂದರೆ ಒಬ್ಬರೇ ಮಲಗುವುದು ಎಲ್ಲಾ ಒಂದೇ ದಿನಕ್ಕೆ ಮೈಮೇಲೆ ಬೀಳುತ್ತದೆ.

2015ರ ಬಾಲನ್ಯಾಯ ಕಾಯ್ದೆಯಲ್ಲಿ ಇಂಥವರಿಗೆ 18ರಿಂದ 21 ವರ್ಷದವರೆಗೆ ಅನುಪಾಲನೆಯ ಸೌಲಭ್ಯವಿದೆ. ಓದು, ತರಬೇತಿ, ವಸತಿಗೆ ನೆರವು ಸಿಗುತ್ತದೆ. ವಿಜಯಪುರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಬೇಕು. 18 ತುಂಬುವ ಆರು ತಿಂಗಳ ಮೊದಲೇ ಕೇಳಿದರೆ ಒಳ್ಳೆಯದು. ಇಂಥ ಒಂದು ಮಗುವನ್ನು ನಿಮ್ಮ ಸಂಘ ತನ್ನದೆಂದು ತಿಳಿದರೆ ಸಾಕು. ಹಬ್ಬಕ್ಕೆ ಊಟಕ್ಕೆ ಕರೆಯುವ ಒಂದು ಮನೆ, ಅರ್ಜಿಗೆ ಜೊತೆ ಬರುವ ಒಬ್ಬ ಚಿಗವ್ವ ಇದ್ದರೆ ಆ ಮಗು ನಿಲ್ಲುತ್ತದೆ.

9. ಸಂಘ ಏನು ಮಾಡಬಹುದು?

ಬುದ್ಧಿ ಹೇಳುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಜೊತೆಗೆ ಬರುವವರು ಕಡಿಮೆ. ಸಂಘದ ಕೆಲಸ ಜೊತೆಗೆ ಹೋಗುವುದು.

(ಅ) ಪಟ್ಟಿ: ಠರಾವು ಪುಸ್ತಕದ ಕೊನೆಯ ಹಾಳೆಯಲ್ಲಿ ಸದಸ್ಯರ ಮನೆಯ 15ರಿಂದ 20 ವರ್ಷದ ಎಲ್ಲ ಮಕ್ಕಳ ಹೆಸರು ಬರೆಯಿರಿ. ಏನು ಓದಿದ್ದಾರೆ, ಈಗ ಏನು ಮಾಡುತ್ತಿದ್ದಾರೆ ಎಂದು ಎದುರಿಗೆ ಬರೆಯಿರಿ. ಮೂರು ತಿಂಗಳಿಗೊಮ್ಮೆ ಓದಿ.

(ಆ) ಜೊತೆಗಾರ್ತಿ: ಪ್ರತಿ ಮಗುವಿಗೆ ತಾಯಿ ಬಿಟ್ಟು ಇನ್ನೊಬ್ಬ ಸದಸ್ಯೆ ಜೊತೆಗಾರ್ತಿ ಆಗಲಿ. ತಾಯಿಗೆ ಹೇಳದ್ದನ್ನು ಮಕ್ಕಳು ಚಿಗವ್ವನಿಗೆ, ಅತ್ತಿಗೆ ಹೇಳುತ್ತಾರೆ. ಅರ್ಜಿ ಹಾಕುವ ದಿನ, ಸೀಟು ಕೊಡುವ ದಿನ, ಮೊದಲ ಕೆಲಸದ ದಿನ ಅವಳು ಜೊತೆಗಿರಲಿ.

(ಇ) ಮಕ್ಕಳ ದಾರಿ ನಿಧಿ: 15 ಸದಸ್ಯರು ವಾರಕ್ಕೆ 10 ರೂಪಾಯಿ ಹೆಚ್ಚಿಗೆ ಹಾಕಿದರೆ ವಾರಕ್ಕೆ 150, ವರ್ಷಕ್ಕೆ 7,800 ರೂಪಾಯಿ. ಪರೀಕ್ಷೆ ಶುಲ್ಕ, ಅರ್ಜಿ ಶುಲ್ಕ, ಹುಡುಗರ ಬಸ್ ಪಾಸ್, ಒಂದು ಜೊತೆ ಸ್ಪ್ಯಾನರ್ ಇವಕ್ಕೆ ಸಾಕು. ಇದನ್ನು ಬಡ್ಡಿ ಇಲ್ಲದೆ ಕೊಟ್ಟು, ಮಗು ದುಡಿಯಲು ಶುರು ಮಾಡಿದ ಮೇಲೆ ತಿರುಗಿ ಪಡೆಯಬಹುದು. ಆ ಹಣ ಮುಂದಿನ ಮಗುವಿಗೆ ಹೋಗುತ್ತದೆ.

(ಈ) ಎರಡು ತಿಂಗಳ ಒಪ್ಪಂದ: ಫೆಬ್ರುವರಿ, ಮಾರ್ಚ್‌ನಲ್ಲಿ ಹತ್ತನೇ ತರಗತಿಯ ಯಾವ ಮಗುವನ್ನೂ ಶೆಡ್ ಕೆಲಸಕ್ಕೆ ಕರೆದೊಯ್ಯುವುದಿಲ್ಲ ಎಂದು ಸಂಘದಲ್ಲಿ ಠರಾವು ಮಾಡಿ. ಸಂಜೆ ಒಬ್ಬರ ಮನೆಯಲ್ಲಿ ಎಲ್ಲ ಮಕ್ಕಳು ಕೂಡಿ ಓದಲಿ.

(ಉ) ಕಂಡು ಬರುವ ದಿನ: ಮೇ ತಿಂಗಳಲ್ಲಿ ಒಂದು ದಿನ ಮಕ್ಕಳನ್ನು ಕರೆದುಕೊಂಡು ವಿಜಯಪುರಕ್ಕೆ ಬನ್ನಿ. ಐ.ಟಿ.ಐ., ಪಾಲಿಟೆಕ್ನಿಕ್, ರುಡ್‌ಸೆಟ್, ಮಹಿಳಾ ವಿಶ್ವವಿದ್ಯಾನಿಲಯ ನಾಲ್ಕನ್ನೂ ನೋಡಿ ಬರಲಿ. ಕಣ್ಣಿಂದ ನೋಡಿದ ಬಾಗಿಲನ್ನು ಮಕ್ಕಳು ಮುಂದೆ ತಾವೇ ತಟ್ಟುತ್ತಾರೆ.

ಹನಿ ಹನಿ ಕೂಡಿದರೆ ಹಳ್ಳ ಎಂದು ಉಳಿತಾಯದಲ್ಲಿ ನಾವೇ ತೋರಿಸಿದ್ದೇವೆ. ಹತ್ತು ರೂಪಾಯಿಯಿಂದ ಶುರುವಾದ ಸಂಘ ಇಂದು ಬ್ಯಾಂಕಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂಡುತ್ತದೆ. ಅದೇ ಧೈರ್ಯ ಮಕ್ಕಳ ವಿಷಯದಲ್ಲೂ ಬರಲಿ. ಎಲ್ಲ ಮಕ್ಕಳೂ ಡಾಕ್ಟರ್, ಇಂಜಿನಿಯರ್ ಆಗಬೇಕಿಲ್ಲ. ಆದರೆ ನಮ್ಮ ಪಟ್ಟಿಯ ಒಂದು ಮಗುವೂ "ನನ್ನನ್ನ ಯಾರೂ ಕೇಳಲಿಲ್ಲ" ಎನ್ನುವಂತಾಗಬಾರದು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದ ಮನೆಗಳಲ್ಲಿ 15ರಿಂದ 20 ವರ್ಷದ ಮಕ್ಕಳು ಎಷ್ಟು? ಇವತ್ತು ಅವರು ಎಲ್ಲಿದ್ದಾರೆ?
2. ಕಳೆದ ಎರಡು ವರ್ಷದಲ್ಲಿ ಹತ್ತನೇ ತರಗತಿ ಫೇಲಾದ ಮಕ್ಕಳು ಮತ್ತೆ ಪರೀಕ್ಷೆ ಬರೆದರೇ? ಬರೆಯದಿದ್ದರೆ ಯಾಕೆ?
3. ನಮ್ಮ ಊರಲ್ಲಿ ಯಾವ ಕಸುಬಿನವರಿಗಾಗಿ ಜನ ಕಾಯುತ್ತಾರೆ? ಅದನ್ನು ಕಲಿಯಲು ನಮ್ಮಲ್ಲಿ ಯಾವ ಮಗುವಿಗೆ ಮನಸ್ಸಿದೆ?
4. ಹುಡುಗಿಯರನ್ನು ನಗರಕ್ಕೆ ಕಳಿಸಲು ನಮಗಿರುವ ಭಯ ಯಾವುದು? ಅದರಲ್ಲಿ ಸಂಘ ಪರಿಹರಿಸಬಹುದಾದದ್ದು ಯಾವುದು?
5. ಜೊತೆಗಾರ್ತಿ ಆಗಲು ಯಾರು ಯಾರು ಒಪ್ಪುತ್ತೀರಿ?

ಮುಂದಿನ ಸಭೆಗೆ ಮಾಡಿಕೊಂಡು ಬರುವ ಕೆಲಸ: ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ಪಕ್ಕದ ಮನೆಯ ಒಂದು ಮಗುವಿನ ಜೊತೆ ಅರ್ಧ ತಾಸು ಕುಳಿತು, ಬೈಯದೆ, ನಾಲ್ಕನೇ ಭಾಗದ ಪ್ರಶ್ನೆಗಳನ್ನು ಕೇಳಿ ಬನ್ನಿ. ಆ ಮಗು ಹೇಳಿದ್ದನ್ನು ಅದರ ಒಪ್ಪಿಗೆ ಪಡೆದು ಸಭೆಯಲ್ಲಿ ಹಂಚಿಕೊಳ್ಳಿ. ಪಟ್ಟಿಯನ್ನು ಅಲ್ಲಿಂದಲೇ ಶುರು ಮಾಡೋಣ.